ಗೇಟಿನ ಜೋಡಿ

ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಮದ್ದೂರಿನ ಬಸ್ಸಿಗೆ ಕಾಯುವಾಗಲೇ ಅಕ್ಕನ ಮೇಲೆ ನನಗೆ ರೇಗಿಹೋಗಿತ್ತು. ಸಂಕ್ರಾಂತಿ ಕಳೆದು ವಾರವಾದರೂ ಚಳಿ ಬಿಟ್ಟಿರಲಿಲ್ಲ. ನಾನು ಶಾಲೆಗೆ ರಜೆ ಹಾಕಿ, ಗಂಡನಿಗೆ ಎರಡು ದಿನದ ಹುಳಿ ಮಾಡಿಟ್ಟು ಹೊರಟವಳು. ಇವಳು ನೋಡಿದರೆ ಜಟಕಾ ಕುದುರೆಯೊಂದರ ಕಾಲೆತ್ತಿ ಲಾಳ ನೋಡುತ್ತ ನಿಂತಿದ್ದಾಳೆ! ಕಣ್ಣ ಮುಂದೆಯೇ ಎರಡು ಬಸ್ಸು ಹೋದವು. ಮೂರನೆಯದಕ್ಕೆ ಅವಳ ರಟ್ಟೆ ಹಿಡಿದು ಹತ್ತಿಸಿದೆ. ಟಿಕೆಟ್ಟಿಗೆ ತಲೆಗೆ ಒಂದು ರೂಪಾಯಿಯೂ ಆಗಲಿಲ್ಲ, ಆದರೆ ಮದ್ದೂರಿನ ತನಕ ನಿಂತೇ ಇದ್ದೆವು.

ಸುಭದ್ರಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಬೆಂಗಳೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುತ್ತಿದ್ದಳು. ಒಂದು ದಿನ ಆ ಕೆಲಸ ಬಿಟ್ಟು ಒಂದು ಪ್ರಾಣಿದಯಾ ಸಂಘಕ್ಕೆ ಸಂಶೋಧಕಿಯಾಗಿ ಸೇರಿಕೊಂಡಳು. ಸಂಶೋಧನೆ ಎಂದರೆ ಗಾಜಿನ ಸೀಸೆಗಳ ಕೆಲಸವಲ್ಲ. ಸಂತೆ, ಗಾಣ, ಕಾರ್ಖಾನೆ ಅಂತ ಸುತ್ತಿ ಗಾಡಿಗೆ ಎಷ್ಟು ಹೊರೆ ಹೇರುತ್ತಾರೆ, ಎತ್ತಿನ ಹೆಗಲು ಹೇಗಿದೆ, ನೀರು ಯಾವಾಗ ಕುಡಿಸುತ್ತಾರೆ ಎಂದು ನೋಡಿ ಬರೆಯುವುದು. ನಮ್ಮಮ್ಮ ಸಾಯುವವರೆಗೂ ಇದನ್ನು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆಲ್ಲ ಇನ್ನೂ ಕಾಲೇಜಿನಲ್ಲೇ ಇದ್ದಾಳೆ ಎನ್ನುತ್ತಿದ್ದರು.

ಸಂಘದ ಮಿಕ್ಕವರು ಅಮಾವಾಸ್ಯೆಗೊಮ್ಮೆ ಹಸುವಿಗೆ ಬಾಳೆಹಣ್ಣು ತಿನ್ನಿಸಿ ಕೈ ಮುಗಿಯುವ ಜನ. ಅಕ್ಕನ ತಲೆ ಬೇರೆ. "ದಯೆ ನೆಚ್ಚಿಕೊಂಡು ಕೂರಬಾರದು ಕಣೇ ಪದ್ದಿ. ಹೊಟ್ಟೆ ತುಂಬಿದಾಗ ಬರುತ್ತೆ, ಹಸಿದಾಗ ಹೋಗುತ್ತೆ. ಏರ್ಪಾಡು ಸರಿಯಾಗಿರಬೇಕು. ಆಗ ಕೆಟ್ಟವನ ಕೈಲಿದ್ದರೂ ಎತ್ತು ಬದುಕುತ್ತೆ" ಎನ್ನುತ್ತಿದ್ದಳು. ಮೂಕ ಪ್ರಾಣಿ ಎಂದು ಯಾರಾದರೂ ಅಂದರಂತೂ ಉರಿದುಬೀಳುತ್ತಿದ್ದಳು. "ಮೂಕವೇನಲ್ಲ. ಅದು ಹೇಳೋದನ್ನ ಕೇಳೋ ಪದ್ಧತಿ ನಮ್ಮಲ್ಲಿಲ್ಲ, ಅಷ್ಟೇ."

ಇಷ್ಟು ವರ್ಷ ತಿರುಗಿ ಅವಳು ಗೆದ್ದದ್ದು ಒಂದೇ ಒಂದು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಖಾಸಗಿಯವರ ಒಂದು ಸಣ್ಣ ಖಂಡಸಾರಿ ಸಕ್ಕರೆ ಕಾರ್ಖಾನೆ ಇತ್ತು. ಸುತ್ತಲ ರೈತರು ಎತ್ತಿನ ಗಾಡಿಯಲ್ಲಿ ಕಬ್ಬು ತಂದು ಹಾಕುತ್ತಿದ್ದರು. ನೊಗ ಉಜ್ಜಿ ಉಜ್ಜಿ ಹೆಗಲು ಹುಣ್ಣಾದ ಎತ್ತು ಕಟ್ಟಿದ ಗಾಡಿಯನ್ನು ಗೇಟಿನೊಳಗೆ ಬಿಡಕೂಡದೆಂದು ಅಕ್ಕ ಅವರ ಬೆನ್ನು ಬಿದ್ದು ನಿಯಮ ಮಾಡಿಸಿದ್ದಳು. ಅದಕ್ಕೆ ಆಗ ಒಂದು ವರ್ಷ. ಅವಳು ಕಣ್ಣಾರೆ ನೋಡಿ ಬಂದು ಸರಿಯಿದೆ ಎಂದರೆ ರಾಜ್ಯದ ಎಲ್ಲ ಕಾರ್ಖಾನೆಗಳಿಗೂ ಇದನ್ನು ತರಲು ಸಂಘ ಸರ್ಕಾರವನ್ನು ಕೇಳುವುದಿತ್ತು. ಹೆಂಗಸು ಒಬ್ಬಳೇ ಓಡಾಡುವುದು ಬೇಡವೆಂದು ಜೊತೆಗೆ ಮಂಡ್ಯದಲ್ಲಿದ್ದ ನಾನು.

ಮದ್ದೂರಿನಲ್ಲಿ ಇಡ್ಲಿ ತಿಂದು ಮಳವಳ್ಳಿ ಬಸ್ಸು ಹತ್ತಿದೆವು. ಚಟ್ನಿ ಹುಳಿ ಹಿಡಿದಿತ್ತು. ಕಂಡಕ್ಟರ್ ಅಕ್ಕನ ಮುಖ ನೋಡಿದ್ದೇ, "ಏಯ್, ಎತ್ತಿನಮ್ಮೋರು ಬಂದವ್ರೆ, ಜಾಗ ಬುಡ್ರಲಾ" ಅಂತ ಕೂಗಿದ. ಬಸ್ಸೆಲ್ಲ ಗೊಳ್ಳೆಂದಿತು. ನನಗೆ ಅವಮಾನವಾಯಿತು. ಅಕ್ಕ ಮಾತ್ರ ನಗುತ್ತ ಕೂತು, ಪಕ್ಕದವನ ಹತ್ತಿರ ಈ ಸಲ ಕಬ್ಬು ಹೇಗೆ ಎಂದು ವಿಚಾರಿಸತೊಡಗಿದಳು.

ಕಾರ್ಖಾನೆಯ ಗೇಟಿನ ಪಕ್ಕದಲ್ಲಿ ಹಳದಿ ಬಣ್ಣದ ಹೊಸ ಬೋರ್ಡು. 'ಹೆಗಲು ಹುಣ್ಣಾದ ಎತ್ತುಗಳಿಗೆ ಪ್ರವೇಶವಿಲ್ಲ.' ಕೆಳಗೆ ಸಂಘದ ಹೆಸರು. ಮ್ಯಾನೇಜರು ಓಡಿಬಂದು ನೆರಳಿಗೆ ಎರಡು ಕುರ್ಚಿ ಹಾಕಿಸಿ, ಕಬ್ಬಿನ ಹಾಲು ತರಿಸಿಕೊಟ್ಟರು. "ಈ ಸೀಸನ್ನಲ್ಲಿ ಒಂದೇ ಒಂದು ಗಾಡಿ ವಾಪಸ್ ಕಳಿಸಿಲ್ಲ ಮೇಡಂ. ಅಂಥ ಎತ್ತೇ ಬರ್ತಿಲ್ಲ" ಎಂದರು. ನಿಜವೇ. ಒಂದರ ಹಿಂದೊಂದು ಗಾಡಿ ಬರುತ್ತಿದ್ದವು. ಎತ್ತುಗಳೋ, ಬೆಣ್ಣೆ ಸವರಿದ ಹಾಗೆ ಮೈ, ಕೊಂಬಿನ ತುದಿಗೆ ಹಿತ್ತಾಳೆ, ಹೆಗಲ ಮೇಲೆ ಒಂದು ಗೀರೂ ಇಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡು, "ನೋಡೇ, ನೋಡೇ" ಅಂದಳು. ಅವಳ ಕಣ್ಣು ತುಂಬಿತ್ತು. ಅಮ್ಮ ಇದ್ದು ನೋಡಬೇಕಾಗಿತ್ತು ಎಂದು ನನಗೂ ಅನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ಬಿಸಿಲು ಚುರುಗುಟ್ಟಿತು. ಅಕ್ಕ ಬಂದ ಎತ್ತುಗಳನ್ನೇ ದಿಟ್ಟಿಸತೊಡಗಿದಳು. ಇನ್ನೊಂದು ಗಾಡಿ ಬಂತು. ಅವಳು ಎದ್ದುಹೋಗಿ ಎಡಗಡೆ ಎತ್ತಿನ ಕಿವಿ ಮುಟ್ಟಿ ನೋಡಿ ಬಂದು ಕೂತಳು.

"ಈ ಎತ್ತು ಬೆಳಗ್ಗೆ ಎರಡು ಸಲ ಬಂದಿತ್ತು."

"ಹೋಗೇ. ಎಲ್ಲ ಬಿಳೀ ಎತ್ತೂ ಒಂದೇ ಥರ ಇರುತ್ತೆ."

"ನಿಂಗೆ ಇರುತ್ತೆ. ಕಿವಿ ಸೀಳಿದೆ ನೋಡು. ಗಾಡಿ ಬೇರೆ, ಗಾಡಿ ಹೊಡೆಯೋನು ಬೇರೆ, ಎತ್ತು ಅದೇ."

ನಾನು ನೋಡಿದೆ. ಸೀಳಿತ್ತು.

ನಾವು ಗಾಡಿಗಳು ಬಂದ ದಿಕ್ಕಿಗೆ ನಡೆದೆವು. ಗೇಟಿನಿಂದ ರಸ್ತೆ ಇಳಿಜಾರಾಗಿ ಒಂದು ಫರ್ಲಾಂಗ್ ಹೋಗಿ ತಿರುಗುತ್ತದೆ. ತಿರುವಿನಾಚೆ ಕಬ್ಬಿನ ಗಾಡಿಗಳು ಸಾಲಾಗಿ ನಿಂತಿದ್ದವು. ನೊಗ ಬಿಚ್ಚಿದ ಎತ್ತುಗಳು ಚರಂಡಿಯ ಅಂಚಿನಲ್ಲಿ ತಲೆ ಜೋಲು ಹಾಕಿಕೊಂಡು ನಿಂತಿದ್ದವು. ಹೆಗಲುಗಳನ್ನು ಏನೆಂದು ಹೇಳಲಿ? ಕೆಲವಕ್ಕೆ ಹುಣ್ಣಿನ ಮೇಲೆ ಗಾಡಿ ಅಚ್ಚಿನ ಮಸಿ ಬಳಿದಿದ್ದರು, ಅದರ ಮೇಲೆ ನೊಣ. ಕೆಲವಕ್ಕೆ ಮಾಂಸವೇ ಕಾಣುತ್ತಿತ್ತು. ಗೇಟಿನಲ್ಲಿ ಕಂಡ ಆ ಚೆಂದದ ಎತ್ತುಗಳು ಇದ್ದದ್ದೇ ಮೂರು ಜೋಡಿ. ಊರ ಸ್ಥಿತಿವಂತರು ಜಾತ್ರೆಯ ಬಹುಮಾನಕ್ಕೆಂದು ಹುರುಳಿ ಬೇಯಿಸಿ ಹಾಕಿ ಸಾಕಿದ ಹಳ್ಳಿಕಾರ್ ಎತ್ತುಗಳು. ಒಂದು ಗಾಡಿಯನ್ನು ಗೇಟು ದಾಟಿಸಿ, ಖಾಲಿಯಾದ ಮೇಲೆ ಇಲ್ಲಿಗೆ ತಂದು ಬಿಟ್ಟು, ಮುಂದಿನ ಗಾಡಿಗೆ ಅವನ್ನೇ ಹೂಡುತ್ತಿದ್ದರು. ಅವಕ್ಕೆ ಅಲ್ಲಿ 'ಗೇಟಿನ ಜೋಡಿ' ಎಂದೇ ಹೆಸರು.

"ಬನ್ರಮ್ಮ, ಈಗ್ ಬಂದ್ರಾ?" ಎಂದು ಒಬ್ಬರು ಎದ್ದು ಬಂದರು. ಜವರೇಗೌಡರು. ಹಿಂದಿನ ವರ್ಷ ಅಕ್ಕ ಇವರ ಎತ್ತಿನ ಹುಣ್ಣು ತೊಳೆದು ಮುಲಾಮು ಕೊಟ್ಟಿದ್ದಳಂತೆ. ಎತ್ತಿನ ಹೆಸರು ಮಾರ. ಅದು ಅಲ್ಲೇ ನಿಂತಿತ್ತು. ಹುಣ್ಣು ಅಂಗೈಯಗಲ ಆಗಿತ್ತು.

"ಏನ್ ಗೌಡ್ರೇ ಇದು?" ಎಂದಳು ಅಕ್ಕ.

"ಇನ್ನೇನ್ ಮಾಡಾದಮ್ಮ? ಉಣ್ಣು ವಾಸಿ ಆಗ್ಬೇಕು ಅಂದ್ರೆ ತಿಂಗ್ಳು ಕಟ್ಟಾಕ್ಬೇಕು. ಕಡ್ದ ಕಬ್ಬು ತಿಂಗ್ಳು ಕಾಯ್ತದಾ? ಎಲ್ಡ್ ದಿನಕ್ಕೆ ಒಣಗ್ ಓಯ್ತದೆ. ಗೇಟ್ನಾಗೆ ಬುಡಕಿಲ್ಲ ಅಂದ್ರು. ಅದ್ಕೇ ಈ ಜೋಡಿ."

"ಜೋಡಿಯವರು ಸುಮ್ಮನೆ ಕೊಡ್ತಾರಾ?"

"ಸುಮ್ಕೆ ಯಾರ್ ಕೊಟ್ಟಾರು? ಗಾಡಿಗೊಂದು ಒರೆ ಕಬ್ಬು ಇಲ್ಲಿ ಇಳಿಸ್ಬುಟ್ಟು ಓಗ್ಬೇಕು. ಅದ್ಕೆ ಒಲದಾಗೇ ಒಂದ್ ಒರೆ ಜಾಸ್ತಿ ಏರ್ಕಂಡ್ ಬತ್ತೀವಿ."

ಅಕ್ಕ ರಸ್ತೆಯ ಪಕ್ಕ ನೋಡಿದಳು. ಇಳಿಸಿದ ಕಬ್ಬು ಆಳೆತ್ತರ ಬಿದ್ದಿತ್ತು. ಗೇಟಿನ ಜೋಡಿಗಳು ಅದರ ಸೋಗೆ ಮೇಯುತ್ತಿದ್ದವು. ಹೊಲದಿಂದ ಇಲ್ಲಿಯವರೆಗೆ ಆ ಹೆಚ್ಚಿನ ಹೊರೆಯನ್ನೂ ಎಳೆದದ್ದು ಈ ಹುಣ್ಣಿನ ಹೆಗಲುಗಳೇ. ನಿಯಮ ಬರುವ ಮುಂಚೆ ಆ ಹೊರೆ ಇರಲಿಲ್ಲ. ನನಗೇ ಇದು ಅರ್ಥವಾದ ಮೇಲೆ ಅವಳಿಗೆ ಆಗದೆ ಇರುತ್ತದೆಯೇ? ಅವಳು ಚರಂಡಿಯ ಕಟ್ಟೆಯ ಮೇಲೆ ಕೂತಳು.

ಸಂಜೆಯ ಬಸ್ಸಿಗೆ ಮಳವಳ್ಳಿಗೆ ಹೋಗಿ ಸೋದರತ್ತೆಯ ಮನೆಯಲ್ಲಿ ಉಳಿದೆವು. ಅತ್ತೆಯ ಬಾಯಿ ಗೊತ್ತಿದ್ದದ್ದೇ. "ಕಾಲಕಾಲಕ್ಕೆ ಮದುವೆ ಆಗಿದ್ರೆ ಮಕ್ಕಳ ಮೂಗು ಒರೆಸ್ತಿದ್ದೆ. ಈಗ ಎತ್ತಿನ ಕೀವು ಒರೆಸ್ಕೊಂಡು ತಿರುಗು" ಎಂದು ಬೈಯುತ್ತಲೇ ಬಿಸಿ ಸಾರು ಬಡಿಸಿದರು. ಅಕ್ಕ ತಟ್ಟೆಯಲ್ಲಿ ಅನ್ನ ಕಲಸಿದಳೇ ಹೊರತು ಒಂದು ತುತ್ತೂ ಎತ್ತಲಿಲ್ಲ.

"ಇದ್ದದ್ದು ಇದ್ದ ಹಾಗೆ ಸಂಘಕ್ಕೆ ಹೇಳಿಬಿಡು" ಎಂದೆ.

"ಹೇಳ್ತೀನಿ. ಆದ್ರೆ ಮಾರನಿಗೆ ಅದರಿಂದ ಏನು? ಏರ್ಪಾಡು, ಏರ್ಪಾಡು ಅಂತ ಬಡ್ಕೊಂಡೆ. ಜನ ನನಗಿಂತ ಚೆನ್ನಾಗಿ ಏರ್ಪಾಡು ಮಾಡಿದ್ದಾರೆ ನೋಡು" ಎಂದು ನಕ್ಕಳು. ಬೆಳಗ್ಗೆ ಮೊದಲ ಬಸ್ಸಿಗೆ ಹೋಗಿ ಆ ಬೋರ್ಡನ್ನು ತೆಗೆಸಿಬಿಡುತ್ತೇನೆ ಎಂದಳು. ಆ ಹೆಚ್ಚಿನ ಹೊರೆಯಾದರೂ ಇಳಿಯಲಿ ಎಂಬ ಆಸೆ.

ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ಬಸ್ಸು ಲೈಟು ಹಾಕಿಕೊಂಡೇ ಬಂತು. ಮ್ಯಾನೇಜರ ಕೋಣೆಯಲ್ಲಿ ಅಕ್ಕ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರಿಗೆ ಹೊಸದೇನೂ ಇರಲಿಲ್ಲ.

"ಗೊತ್ತು ಮೇಡಂ. ಆದರೆ ತಿರುವಿನ ಹತ್ತಿರದ ರಸ್ತೆ ಸರ್ಕಾರದ್ದು. ನಮ್ಮ ಗೇಟಿನೊಳಗೆ ಒಂದಾದರೂ ಹುಣ್ಣು ತೋರಿಸಿ, ನಾನೇ ಓಡಿಸ್ತೀನಿ."

"ಹಾಗಾದರೆ ಬೋರ್ಡು ತೆಗೆದುಬಿಡಿ. ಇಲ್ಲವಾ, ಹೊರೆಗೆ ಮಿತಿ ಹಾಕಿ. ಹುಣ್ಣಾದ ಎತ್ತಿನವನ ಕಬ್ಬನ್ನು ಹೊಲದಿಂದ ನಿಮ್ಮ ಲಾರೀಲಿ ತರಿಸಿ."

"ಲಾರಿಯಾ?" ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬೋರ್ಡು ತೆಗೆಯೋಕೆ ನನ್ನ ಕೈಲಾಗಲ್ಲ ಮೇಡಂ. ಯಜಮಾನರು ಬಂದವರಿಗೆಲ್ಲ ಅದನ್ನೇ ತೋರಿಸ್ತಾರೆ. ನಿಮ್ಮ ಸಂಘದವರೇ ಬಂದು ಹಾರ ಹಾಕಿ ಹೋಗಿದ್ದಾರೆ. ಇವತ್ತು ಫೋಟೋದವನೂ ಬರ್ತಾನೆ, ನೀವು ಎತ್ತುಗಳ ಪಕ್ಕ ಒಂದು ನಿಮಿಷ ನಿಲ್ಲಬೇಕು."

ಅಕ್ಕ ಎದ್ದು ಹೊರಗೆ ಬಂದಳು. ಇಂಥವರ ಮುಖಕ್ಕೆ ಏನಾದರೂ ಅನ್ನಬೇಕೆಂದು ನನ್ನ ನಾಲಗೆ ತುದಿಯಲ್ಲಿತ್ತು. ಆದರೆ ಆತ ಕೆಟ್ಟವನೂ ಅಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಬಾಗಿಲವರೆಗೆ ಬಂದು ಕೈ ಮುಗಿದು ಕಳಿಸಿದ.

ತಿರುವಿನಲ್ಲಿ ಜವರೇಗೌಡರು ಆಗ ತಾನೇ ಗಾಡಿ ತಂದು ನಿಲ್ಲಿಸಿ ಎತ್ತು ಬಿಚ್ಚುತ್ತಿದ್ದರು. ಬೋರ್ಡು ತೆಗೆಸಲು ಹೋಗಿದ್ದೆ, ಆಗಲಿಲ್ಲ ಎಂದು ಅಕ್ಕ ಹೇಳಿದಳು. ಗೌಡರು ಗಾಬರಿಯಾದರು.

"ಅಯ್ಯೋ, ತೆಗಸ್ಬ್ಯಾಡಿ ಕಣಮ್ಮ! ಗೇಟ್ಗಂಟ ಈ ಕೊನೇ ಏರಿದ್ದದಲ್ಲ, ಇದ್ರಾಗೇ ಎತ್ತು ಮಂಡಿ ಊರ್ಬುಡಾದು. ಬೋರ್ಡ್ ತೆಗುದ್ರೆ ಜೋಡೀನೂ ಓಯ್ತದೆ. ಈಗ ಇಷ್ಟ್ ದೂರ ಆದ್ರೂ ನಮ್ ಎತ್ಗಳು ಸುಮ್ಕೆ ನಿಂತ್ಕತವೆ. ನಿಮ್ ಎಸ್ರು ಏಳ್ಕಂಡೇ ನಿಲ್ಸ್ತೀನಿ."

ಗೌಡರು ಒಂದು ಹೊರೆ ಕಬ್ಬು ಇಳಿಸಿ, ಗೇಟಿನ ಜೋಡಿ ಹೂಡಿಕೊಂಡು, "ಅಗ್ಗ ಇಡ್ಕಂಡಿರಿ ಅಮ್ಮ, ಬಂದ್ಬುಟ್ಟೆ" ಎಂದು ಅವಳ ಕೈಗೆ ಮಾರನ ಹಗ್ಗ, ನನ್ನ ಕೈಗೆ ಅದರ ಜೊತೆಗಾರ ಬೋರನ ಹಗ್ಗ ಕೊಟ್ಟು ಹೊರಟುಹೋದರು. ನಾವು ನಿಂತೆವು. ಅಕ್ಕ ಚೀಲದಿಂದ ಬಟ್ಟೆ ತೆಗೆದು ಹುಣ್ಣು ಒರೆಸಿ, ನೊಣ ಓಡಿಸುತ್ತಲೇ ಇದ್ದಳು. ಬೆಳಗ್ಗೆಯಿಂದ ಅವಳು ಅತ್ತಿರಲಿಲ್ಲ. ಅಳು ಬಂದದ್ದು ನನಗೆ. ಇಷ್ಟೆಲ್ಲ ವರ್ಷ, ಬಿಟ್ಟ ಆ ಕೆಲಸ, ಮನೆಯವರ ಚುಚ್ಚುಮಾತು, ಅಮ್ಮನ ಸಂಕೋಚ, ಎಲ್ಲ ಸೇರಿ ಇವಳು ಈ ಎತ್ತಿಗೆ ಕೊಟ್ಟದ್ದು ಒಂದು ಫರ್ಲಾಂಗಿನ ವಿಶ್ರಾಂತಿ. ಅದಕ್ಕೆ ಬದಲಾಗಿ ಹೊಲದಿಂದ ಒಂದು ಹೊರೆ ಹೆಚ್ಚು.

ಬಿಸಿಲೇರುವಾಗ ಗೌಡರು ಖಾಲಿ ಗಾಡಿ ತಂದು ಗೇಟಿನ ಜೋಡಿಯನ್ನು ಬಿಟ್ಟರು. ಹೊಲದಲ್ಲಿ ಇನ್ನೊಂದು ಹೇರು ಕಾಯುತ್ತಿತ್ತು. ಗಾಡಿಯ ಮುಂದಿನ ಮರ ಎತ್ತಿ ಹಿಡಿಯಲು ಅವರ ಜೊತೆ ಇನ್ನೊಬ್ಬರು ಬೇಕಿತ್ತು. ಸುತ್ತ ನೋಡಿ, "ಒಸಿ ನೊಗ ಎತ್ತಿ ಇಡ್ಕಳಿ ಅಮ್ಮ" ಅಂದರು. ನಾನು ಬೇಡ ಎನ್ನುವ ಮೊದಲೇ ಅಕ್ಕ ಹಗ್ಗ ಕೆಳಗೆ ಬಿಟ್ಟು, ಎರಡೂ ಕೈಯಲ್ಲಿ ನೊಗ ಎತ್ತಿ ಹಿಡಿದಳು. ಗೌಡರು ಬೋರನ ಮೂಗುದಾರಕ್ಕೆ ಕೈ ಹಾಕಿದ್ದರು. ಮಾರನನ್ನು ಯಾರೂ ಎಳೆಯಲಿಲ್ಲ, ಯಾರೂ ಕರೆಯಲಿಲ್ಲ. ನೊಗ ಎತ್ತಿದ್ದು ಕಂಡದ್ದೇ ಅದು ಚರಂಡಿಯ ಅಂಚಿನಿಂದ ನಾಲ್ಕು ಹೆಜ್ಜೆ ನಡೆದು ಬಂದು, ತಲೆ ಬಗ್ಗಿಸಿ, ಅಕ್ಕನ ಎರಡು ಕೈಗಳ ನಡುವೆ ಹೆಗಲು ಕೊಟ್ಟು ನಿಂತಿತು.

"ಈಗ ಬುಡಿ ಅಮ್ಮ" ಎಂದರು ಗೌಡರು.

ಅಕ್ಕ ಬಿಡಲಿಲ್ಲ. ಎತ್ತಿ ಹಿಡಿದೇ ನಿಂತಳು. ಗೌಡರು ಇನ್ನೊಂದು ಸಲ ಹೇಳಿದರು. ಮಾರ ಕದಲದೆ ಕಾದಿತ್ತು. ಕೊನೆಗೆ ನಾನೇ ಹೋಗಿ ಅವಳ ಮೊಣಕೈ ಹಿಡಿದೆ. ಇಬ್ಬರೂ ಸೇರಿ ನೊಗವನ್ನು ಮಾರನ ಹೆಗಲಿಗೆ ನಿಧಾನವಾಗಿ ಇಳಿಸಿದೆವು.

ಮದ್ದೂರಿನ ಬಸ್ಸು ಬಂತು. ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ತಿರುವು ಮರೆಯಾಗುವವರೆಗೂ ಅವಳು ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದಳು. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು.

"ನಾನು ಕರೀಲಿಲ್ಲ ಕಣೇ ಪದ್ದಿ. ತಾನಾಗೇ ಬಂತು."