ಕೆಂಪು ದಾರದ ಕಾಯಿ

ಹೂವುಗಳಿಗೆ ಸೊಳ್ಳೆಪರದೆ ಕಟ್ಟುವ ಹೆಂಗಸನ್ನು ಇಡೀ ಕಾಂದಿವಲಿಯಲ್ಲಿ ನಾನು ಕಂಡದ್ದು ಒಬ್ಬರನ್ನೇ: ನಮ್ಮ ಬಿಲ್ಡಿಂಗಿನ ಇನಾಮದಾರ ಮೇಡಂ. ಊರು ಧಾರವಾಡ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಹಳೆಯ ಸೊಳ್ಳೆಪರದೆ ಕತ್ತರಿಸಿ ಪುಟ್ಟ ಚೀಲ ಹೊಲಿದು, ಮುಚ್ಚಿದ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಬೆಳೆದ ಕಾಡೆಳ್ಳಿನ ಮೊಗ್ಗುಗಳಿಗೆ ಸಂಜೆ ತೊಡಿಸಿ ಬರುತ್ತಿದ್ದರು.

ಬೆಳಿಗ್ಗೆ ಒಂದು ಹೂವಿನ ಚೀಲ ಬಿಚ್ಚಿ, ಎದುರಿಗೆ ಸ್ಟೂಲ್ ಹಾಕಿ ಕೂರುವುದು. ಮೊದಲು ಬಂದ ಕೀಟ ಯಾವುದೆಂದು ನೋಡಿ, ಅದು ಹೋದ ಕೂಡಲೇ ಮತ್ತೆ ಚೀಲ. ಒಂದು ಹೂವಿಗೆ ಒಬ್ಬನೇ ಗಿರಾಕಿ! ಕರೀ ದುಂಬಿ ಬಂದರೆ ತೊಟ್ಟಿಗೆ ಕೆಂಪು ದಾರ, ಜೇನ್ನೊಣಕ್ಕೆ ಹಳದಿ, ಚಿಟ್ಟೆಗೆ ನೀಲಿ. ಕಾಯಿ ಬಲಿತ ಮೇಲೆ ಒಡೆದು ಬೀಜ ಎಣಿಸಿದರೆ ಯಾರ ಕೆಲಸ ಎಷ್ಟೆಂದು ತಿಳಿಯುತ್ತದಂತೆ. ನಮ್ಮಪ್ಪ ಹೋಟೆಲನ್ನು ಹೀಗೆ ನಡೆಸಿದ್ದರೆ ನಾವು ಎಂದೋ ಉಡುಪಿಯ ಬಸ್ಸು ಹತ್ತಬೇಕಿತ್ತು.

ನನ್ನನ್ನು ಇದಕ್ಕೆ ಸಿಕ್ಕಿಸಿದ್ದು ಅಮ್ಮ. "ಇಡೀ ದಿನ ಎಲ್ಲರ ಅಣಕ ಮಾಡ್ತಾನೆ ಟೀಚರೇ, ಇವನನ್ನು ಸ್ವಲ್ಪ ಕರ್ಕೊಂಡು ಹೋಗಿ ಮಾರಾಯ್ರೆ" ಎಂದು ಒಪ್ಪಿಸಿಬಿಟ್ಟರು.

"ಉಸುರು ಜೋರ ಬಿಡಬ್ಯಾಡೋ ಮಂಗ್ಯಾ, ಹೂವು ಅಳ್ಳಾಡತದ."

ಮೇಡಂ ಕೈಯಲ್ಲಿ ಉಸಿರಾಡಿದ್ದಕ್ಕೂ ಬೈಸಿಕೊಂಡವನು ನಾನು. ಚಿಟ್ಟೆ ಬಂತೆಂದು "ಏಕ್‌ದಮ್ ಮಸ್ತ್ ಇದೆ ಮೇಡಂ!" ಎನ್ನುತ್ತ ಮೊಬೈಲ್ ತೆಗೆದರೆ ಅದಕ್ಕೂ ಬೈಗುಳ.

"ಬಣ್ಣ ನೋಡಿ ಮಾರ್ಕ್ಸ್ ಹಾಕಬ್ಯಾಡ. ಅದು ದೂರದಿಂದ ನಾಲಿಗಿ ಇಳಿಸಿ ಉಂಡು ಹೋಗತದ, ಮೈಗೆ ಪರಾಗದ ಹುಡೀನೇ ಹತ್ತೂದಿಲ್ಲ. ಆ ಕರೀ ದುಂಬಿ ನೋಡು, ಹಿಟ್ಟಿನ ಗಿರಣಿಯಿಂದ ಎದ್ದು ಬಂದಂಗ ಬರತದ."

"ಫಿರ್ ಚಿಟ್ಟೆ ಫೇಲ್ ಅಂತ ಬರೀರಿ ನಾ?"

"ಬೀಜ ಎಣಿಸದs ಹೆಂಗ ಬರೀಲಿ?"

ತಲೆ ಚಚ್ಚಿಕೊಳ್ಳಬೇಕು ಅನಿಸುತ್ತಿತ್ತು.

ಕೊನೆಯ ಮಳೆಗಾಲದ ಹೊತ್ತಿಗೆ ಬಯಲಿನಲ್ಲಿ ಟವರ್ ಏಳಲಿದೆ ಎಂಬ ಬೋರ್ಡ್ ನಿಂತಿತ್ತು. ಮೊಣಕಾಲು ಕೈಕೊಟ್ಟ ಮೇಡಂ ಪುಣೆಯ ಮಗಳ ಮನೆಗೆ ಹೊರಡುವವರಿದ್ದರು. ವರ್ಷಗಟ್ಟಲೆ ತುಂಬಿಸಿದ ನೋಟ್‌ಬುಕ್ ಮುಗಿಸಲು ಉಳಿದದ್ದು ಅದೊಂದೇ ಅವಕಾಶ.

ಒಂದು ಬೆಳಿಗ್ಗೆ ಅವರು ಡಾಕ್ಟರ ಬಳಿ ಹೋಗುತ್ತ ಹೂವುಗಳನ್ನು ನನಗೆ ಒಪ್ಪಿಸಿದರು. ನಾನೋ ಅವರ ಟೊಪ್ಪಿ ಹಾಕಿಕೊಂಡು ವಾಚ್‌ಮನ್‌ಗೆ ಅವರದೇ ಕುಂಟು ನಡಿಗೆ ನಟಿಸಿ ತೋರಿಸುತ್ತಿದ್ದೆ. ತಿರುಗಿದರೆ ಚೀಲ ಬಿಚ್ಚಿಟ್ಟ ಹೂವು ತೂಗುತ್ತಿದೆ. ಯಾರೋ ಬಂದು ಹೋಗಿಯಾಗಿದೆ. ದುಂಬಿಯೇ ಇರಬೇಕೆಂದು ಕೆಂಪು ದಾರ ಕಟ್ಟಿದೆ.

ವಾರಗಳ ನಂತರ ಸ್ಟೀಲ್ ತಟ್ಟೆಯಲ್ಲಿ ಕಾಯಿ ಒಡೆದರು. ಕೆಂಪು ದಾರದ ಕಾಯಿಗಳೆಲ್ಲ ತುಂಬಿದ್ದವು, ಒಂದರಲ್ಲಿ ಮಾತ್ರ ಬರೀ ನಾಲ್ಕು ಜೊಳ್ಳು ಬೀಜ. ಮೇಡಂ ಮೂರು ದಿನ ಊಟ ಮರೆತು ಹಳೆಯ ಪುಟಗಳನ್ನೆಲ್ಲ ತಿರುವಿಹಾಕಿದರು. ನನಗೆ ತಡೆಯಲಾಗಲಿಲ್ಲ, ಹೇಳಿಬಿಟ್ಟೆ.

ಅವರು ಕೂಗಾಡಲಿಲ್ಲ. "ಮೂರು ದಿನ ಆ ದುಂಬಿ ಮ್ಯಾಲೆ ಸಂಶಯ ಪಟ್ನಲ್ಲೋ" ಎಂದರು. ಆಮೇಲೆ ಪೆನ್ನು ತೆಗೆದು, ಆ ದಿನ ನಾನು ಕಟ್ಟಿದ ದಾರಗಳ ಲೆಕ್ಕವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿದರು.

"ಮೇಡಂ, ಒಂದೇ ತೋ ಮಿಸ್ಟೇಕ್ ಆಯ್ತು! ಬಾಕಿದ್ದೆಲ್ಲ ನಾನೇ ನೋಡಿದ್ದೇನೆ!"

"ಒಂದs ಅಂತ ನಾ ನೋಡೀನೇನು?"

ನೋಟ್‌ಬುಕ್ ಮುಗಿಯದೆಯೇ ಅವರು ಪುಣೆಗೆ ಹೋದರು. ಹೊರಡುವಾಗ ನನ್ನ ಕೈಗೆ ಮಾತ್ರೆಯ ಡಬ್ಬಿಯಲ್ಲಿ ಬೀಜ ಮತ್ತು ಒಂದು ಉಂಡೆ ಕೆಂಪು ದಾರ ತುರುಕಿದರು. ಶಿಕ್ಷೆಯೋ ಬಹುಮಾನವೋ, ಕೇಳಲು ಧೈರ್ಯವಾಗಲಿಲ್ಲ.

ಮುಂದಿನ ಮಳೆಗಾಲಕ್ಕೆ ಹೋಟೆಲಿನ ಟೆರೇಸಿನಲ್ಲಿ, ಎಣ್ಣೆಯ ಖಾಲಿ ಡಬ್ಬದಲ್ಲಿ ಕಾಡೆಳ್ಳು ಹೂ ಬಿಟ್ಟಿತು. ಚೀಲ ಬಿಚ್ಚಿ, ಹೂವಿನ ಮುಂದೆ ಕೂತು, ಜಂಬದಿಂದ ಅವರಿಗೆ ಫೋನ್ ಹಚ್ಚಿದೆ.

"ಯಾರು ಬಂದ್ರು?" ಅವರ ಧ್ವನಿ ಸೋತಿತ್ತು.

ದುಂಬಿ ಎಂದುಬಿಡೋಣ, ಖುಷಿಪಡಲಿ ಅನಿಸಿತು. "ಇನ್ನೂ ಯಾರೂ ಬಂದಿಲ್ಲ ಮೇಡಂ" ಎಂದೆ.

"ಮತ್ತ ನನ್ನ ಕೂಡ ಏನ್ ಮಾತಾಡ್ತೀ? ಫೋನ್ ಇಡು, ಹೂವು ನೋಡು."

ಕಟ್ ಮಾಡಿಯೇ ಬಿಟ್ಟರು. ಎಂಥಾ ಹೆಂಗಸು!

ಸ್ವಲ್ಪ ಹೊತ್ತಿಗೆ ಕರೀ ದುಂಬಿ ಬಂತು. ಈ ಸಲ ಕಣ್ಣಾರೆ ನೋಡಿ ಕೆಂಪು ದಾರ ಕಟ್ಟಿದೆ. ಕಾಯಿ ಬಲಿತಾಗ ಬೀಜ ಎರಡು ಸಲ ಎಣಿಸಿ ಫೋನ್ ಮಾಡಿದೆ. ಎತ್ತಿದವರು ಮಗಳು. ಅಮ್ಮ ಹೋಗಿ ಒಂಬತ್ತು ದಿನವಾಯಿತು ಎಂದರು.

ತಟ್ಟೆಯ ಮುಂದೆ ಕೂತು ಮತ್ತೊಮ್ಮೆ ಎಣಿಸಿದೆ, ಉಸಿರು ಜೋರಾಗಿ ಬಿಡದೆ.