ಮಾಯಗಬ್ಬಿಣವನ್ನು ಅವ್ವ ಮರೆತಿರಲಿಲ್ಲ

ಅವ್ವನಿಗೆ ಮರೆವು ಬಂದಿದೆ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾದ ದಿನ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಮದುವೆಯಾಗಿ ಧಾರವಾಡದ ಕಡೆಯಿಂದ ನಾಗಪುರಕ್ಕೆ ಬಂದಾಗ ಅವ್ವ ತಂದ ಕತೆಗಳಲ್ಲಿ ಮಾಯಗಬ್ಬಿಣದ್ದೇ ದೊಡ್ಡದು. ಏಳು ಗುಡ್ಡದಾಚೆ ಒಂದು ನಾಡು. ಅಲ್ಲಿಯ ಕಮ್ಮಾರರು ಮಾಡಿದ ಕುಡುಗೋಲಿಗೆ ತೆನೆ ಸಿಕ್ಕರೆ ಕೊಯ್ಯುತ್ತದೆ, ಬೆರಳು ಸಿಕ್ಕರೆ ತಾನೇ ಪಕ್ಕಕ್ಕೆ ಸರಿಯುತ್ತದೆ. ಅದೇ ಕಬ್ಬಿಣದಲ್ಲಿ ರಾಜ ಕತ್ತಿ ಮಾಡಿಸಿದರೆ ಅದು ಒರೆಯಿಂದ ಹೊರಗೇ ಬರುವುದಿಲ್ಲ. ಆ ಕಬ್ಬಿಣವನ್ನು ಕಾಸುವ, ಬಡಿಯುವ, ತಣಿಸುವ ಬಗೆಯನ್ನು ಅವ್ವ ಅಡುಗೆ ಹೇಳಿಕೊಡುವವಳ ಹಾಗೆ ಹೇಳುತ್ತಿದ್ದಳು. ಗಾಂಧಿಬಾಗ್ ಪೇಟೆಯಿಂದ ತಂದ ಹತ್ತಿಯನ್ನು ಮುಂದಿಟ್ಟುಕೊಂಡು, ಬತ್ತಿ ಹೊಸೆಯುತ್ತ ಅವಳು ಹೇಳಬೇಕು. ಎದುರು ಕುಳಿತವರು ಮಾತುಮಾತಿಗೂ ಹೂಂ ಎನ್ನಬೇಕು. ಅದು ನಮ್ಮ ಕಡೆಯ ರೂಢಿ. ಹೂಂ ನಿಂತಿತೆಂದರೆ ಕೇಳುವವರಿಗೆ ನಿದ್ದೆ ಬಂದಿದೆ, ಇಲ್ಲವೆ ಬೇಸರ ಬಂದಿದೆ. ಆಗ ಅವ್ವ ಕಮ್ಮಾರನನ್ನು ಕುಲುಮೆಯ ಮುಂದೆಯೇ ಬಿಟ್ಟು, ಎಲ್ಲರೂ ಉಂಡು ಸುಖವಾಗಿದ್ದರು ಎಂದು ಕತೆ ಮುಗಿಸಿಬಿಡುತ್ತಿದ್ದಳು. ಮರುದಿನ ಕೇಳಿದರೆ ಬಿಟ್ಟಲ್ಲಿಂದಲೇ ಶುರು.

ಕಳೆದ ಬೇಸಿಗೆಯಲ್ಲಿ ನನ್ನ ತಮ್ಮನ ಮಗ ಈ ಕತೆಯ ವಿಡಿಯೊ ಮಾಡುತ್ತೇನೆಂದು ಹೊರಟ. ಊರಿನ ಸದರ್ ಬಡಾವಣೆಯ ಒಂದು ಆಫೀಸಿನಲ್ಲಿ ಕಾರ್ಟೂನು ಮಾಡುವ ಕೆಲಸ ಅವನದು. ಕನ್ನಡ ಅರ್ಧ, ಉಳಿದರ್ಧ ಹಿಂದಿ, ಮರಾಠಿ. ಆದರೂ ಅಜ್ಜಿಯ ಕತೆ ಬೇಕು ಎಂದನಲ್ಲ ಎಂದು ನಾನು ಹಿಗ್ಗಿದೆ. ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು ಕುಳಿತಳು. ಅವನು ಅವಳ ಸೆರಗಿಗೆ ಮೈಕು ಸಿಕ್ಕಿಸಿ, ಗದ್ದಲವಾಗುತ್ತದೆಂದು ಕೂಲರ್ ಬಂದ್ ಮಾಡಿದ. ನಾಗಪುರದ ಮೇ ತಿಂಗಳಲ್ಲಿ ಮುದುಕಿಯ ಎದುರಿನ ಕೂಲರ್ ಬಂದ್ ಮಾಡುವ ಧೈರ್ಯ ಶತ್ರುವಿಗೂ ಬರುವುದಿಲ್ಲ. ಯಾರೂ ಉಸಿರೆತ್ತಬಾರದು ಎಂದೂ ತಾಕೀತು ಮಾಡಿದ.

ಹುಣಸೆ ಕಟ್ಟಿಗೆಯ ಇದ್ದಿಲೇ ಆಗಬೇಕು ಎಂದು ಅವ್ವ ಶುರು ಮಾಡಿ ನನ್ನತ್ತ ನೋಡಿದಳು. ನಾನು ಹೂಂ ಎಂದೆ.

"ಆತ್ಯಾ, ಆವಾಜ್ ಬರ್ತೈತಿ. ಜರಾ ಸುಮ್ಮ ಕೂಡ್ರಿ," ಎಂದ ಹುಡುಗ. ಸೋದರತ್ತೆಯಾದ ನನ್ನನ್ನು ಅವನು ಕರೆಯುವುದು ಮರಾಠಿಯಲ್ಲೇ.

ಹೂಂಗುಟ್ಟದಿದ್ದರೆ ಅವಳು ಹೇಳುವುದಿಲ್ಲವೆಂದು ತಿಳಿಸಿದೆ. ಅವನು ನಕ್ಕು ನನ್ನನ್ನು ಅಡುಗೆಮನೆಗೆ ಕಳಿಸಿದ. ಅಲ್ಲಿಯ ಬಾಗಿಲಿನಿಂದ ನೋಡುತ್ತ ನಿಂತೆ. ಗಂಡ ಹೆಂಡತಿ ಸರದಿಯ ಮೇಲೆ ತಿದಿ ಒತ್ತಬೇಕು, ಇಬ್ಬರಲ್ಲಿ ಒಬ್ಬರಿಗೆ ಸಿಟ್ಟು ಬಂದರೂ ಕೆಲಸ ನಿಲ್ಲಿಸಬೇಕು ಎನ್ನುವವರೆಗೆ ಅವ್ವ ಹೇಳಿದಳು. ಹೂಂ ಇಲ್ಲ. ಹುಡುಗ ಫೋನನ್ನು ನೋಡುತ್ತಿದ್ದ. ತಣಿಸಲು ನೀರಲ್ಲ, ಹುಳಿ ಮಜ್ಜಿಗೆ ಬೇಕು ಎಂದಳು. ಆಗಲೂ ಇಲ್ಲ. "ಸಾಕ ಬಿಡಪಾ, ಎಲ್ಲಾರೂ ಉಂಡು ಸುಖವಾಗಿದ್ರು," ಎಂದು ಮೈಕು ಕಿತ್ತುಕೊಟ್ಟಳು. ಕತೆ ಇನ್ನೂ ಇದೆ ಎಂದು ನಾನು ಬಡಕೊಂಡರೂ ಅವನು ಸಾಮಾನು ಕಟ್ಟಿಕೊಂಡು ಹೋದ.

ವಿಡಿಯೊ ತಯಾರಾದ ಮೇಲೆ ಎಲ್ಲರನ್ನೂ ಟಿವಿಯ ಮುಂದೆ ಕೂರಿಸಿದ. ಚಿತ್ರಗಳು ಚೆನ್ನಾಗಿದ್ದವು, ಸುಳ್ಳೇಕೆ ಹೇಳಲಿ. ಆದರೆ ಕತೆ ಮಜ್ಜಿಗೆಯ ಮಾತಿಗೆ ಬಂದಾಗ ಗಡಸು ದನಿಯೊಂದು ಹಿಂದಿಯಲ್ಲಿ ಹೇಳಿತು: ಮುಂದಿನ ವಿಧಾನ ಲೋಕದಿಂದಲೇ ಕಳೆದುಹೋಗಿದೆ, ಅದನ್ನು ಬಲ್ಲ ಕೊನೆಯ ಮುದುಕಿಗೂ ಮರೆತುಹೋಗಿದೆ. ಆಮೇಲೆ ಕಮ್ಮಾರನ ಮಗಳು ಕುಲುಮೆಗೆ ಹಾರಿದಳು, ಕಬ್ಬಿಣಕ್ಕೆ ಮಾಯೆ ಬಂತು. ಅವ್ವನ ಕತೆಯಲ್ಲಿ ಒಂದು ಇರುವೆಯೂ ಸಾಯುವುದಿಲ್ಲ. ಬೆರಳನ್ನೇ ಕೊಯ್ಯದ ಕಬ್ಬಿಣ ಒಂದು ಹುಡುಗಿಯನ್ನು ಸುಟ್ಟು ತಯಾರಾಗುತ್ತದೆಯೇ? ಯಾರಿಗೂ ಅದು ಹೊಳೆಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಾಳೆಲ್ಲ ನಾಗಪುರದ ಸಂತೆಯಲ್ಲಿ ಹಿಂದಿಯಲ್ಲೇ ಚೌಕಾಸಿ ಮಾಡಿದವಳು ಅವ್ವ. ಅವಳಿಗೆ ಪ್ರತಿ ಮಾತೂ ತಿಳಿದಿತ್ತು. ಮೊಮ್ಮಗನನ್ನು ಕೇಳಿದಳು:

"ನಾ ಖರೇನ ಮರ್ತೇನೇನು?"

"ವಯಸ್ಸಾತಲ್ಲ ಅಜ್ಜಿ, ಚಲ್ತಾ ಹೈ," ಎಂದು ಅವನು ಅವಳ ಕೈ ಸವರಿದ. ಪ್ರೀತಿಯಿಂದಲೇ ಸವರಿದ. ಅದಕ್ಕೇ ನನ್ನ ಪಿತ್ತ ನೆತ್ತಿಗೇರಿತು. ಅವಳು ಮರೆತಿಲ್ಲ, ನೀನು ಅವಳ ಬಾಯಿ ಮುಚ್ಚಿಸಿದೆ ಎಂದು ಬಾಯಿಗೆ ಬಂದಂತೆ ಬೈದೆ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನನ್ನ ತಮ್ಮ. ಹಿಂಗಣಾದ ಫ್ಯಾಕ್ಟರಿಗೆ ರಜೆ ಹಾಕಿ ಅವ್ವನನ್ನು ಮರೆವಿನ ಡಾಕ್ಟರಿಗೆ ತೋರಿಸುತ್ತೇನೆಂದ. ಹೆತ್ತ ತಾಯಿಯ ಎದುರಿಗೇ ಅಂದ.

ಮರುದಿನ ಮಧ್ಯಾಹ್ನ ನಾನು ಕೂಲರನ್ನು ಜೋರಾಗಿ ಹಚ್ಚಿ, ಅವ್ವನ ಮುಂದೆ ಹತ್ತಿ ಇಟ್ಟು, ಮಾಯಗಬ್ಬಿಣದ ಕತೆಯನ್ನು ಮೊದಲಿನಿಂದ ಹೇಳು ಎಂದೆ. ಬೇಡವೆಂದಳು. ಬಿಡಲಿಲ್ಲ. ಹುಣಸೆಯ ಇದ್ದಿಲಿಗೆ ಹೂಂ ಎಂದೆ, ತಿದಿಗೆ ಹೂಂ ಎಂದೆ. ಮಜ್ಜಿಗೆಯನ್ನು ಅತ್ತ ಮಗು ನಕ್ಕು ಮಲಗಿದ ಮನೆಯಿಂದಲೇ ತರಬೇಕು ಎಂದಳು. ಮಾಡಿದ ಮೊದಲ ಕುಡುಗೋಲನ್ನು ಜಗಳವಾಡಿದ ನೆರೆಮನೆಗೆ ಕೊಟ್ಟು ಬರಬೇಕು, ಇಲ್ಲದಿದ್ದರೆ ಬೆಳಗಾಗುವುದರೊಳಗೆ ಉಳಿದದ್ದೆಲ್ಲ ತುಕ್ಕು ಹಿಡಿಯುತ್ತದೆ ಎಂದಳು. ಒಂದು ಮಾತೂ ಆಚೀಚೆ ಆಗಲಿಲ್ಲ. ಕತೆ ಮುಗಿಯಿತು.

ಅವ್ವ ಹೊಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಬರೋಬರ್ ಹೇಳಿದ್ನೇನವ್ವಾ?"

ನಾನು ಹುಟ್ಟಿದಾಗಿನಿಂದ ಅವ್ವ ಈ ಮಾತನ್ನು ಯಾರನ್ನೂ ಕೇಳಿದವಳಲ್ಲ.