ಮೊದಲು ರೈಟರ್‌ಗೆ, ಆಮೇಲೆ ಮೇಡಂಗೆ

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಚಿಕ್ಕಮಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ವರದಿ ಬರೆಯುವುದನ್ನು ಕಲಿಸುತ್ತಿದ್ದೆ. ಒಬ್ಬರ ಬರಹವನ್ನು ಇನ್ನೊಬ್ಬರು ಓದಿ ತಿದ್ದಲಿ ಎಂಬ ಹುಚ್ಚು ನನ್ನದೇ. ಎಲ್ಲರೂ ಗೆಳೆಯನ ಹಾಳೆಯ ಮೇಲೆ ‘ಸೂಪರ್ ಮಾರಾಯ’ ಎಂದು ಗೀಚಿ ಕೈತೊಳೆದುಕೊಂಡರು, ಕಾಫಿ ತೋಟಗಳ ನಡುವಿನ ಜಾವಳಿ ಎಂಬ ಊರಿನ ಒಬ್ಬ ಹುಡುಗಿಯನ್ನು ಬಿಟ್ಟು.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಬಗ್ಗೆ ಒಬ್ಬ ಹುಡುಗ ಬರೆದಿದ್ದ. ಅದರ ಇಂಗ್ಲಿಷ್ ವ್ಯಾಕರಣವನ್ನೆಲ್ಲ ನಾನು ಕೆಂಪು ಶಾಯಿಯಲ್ಲಿ ಸರಿಮಾಡಿದ್ದೆ. ಅವಳು ಅಂಚಿನಲ್ಲಿ ಕನ್ನಡದಲ್ಲಿ ಬರೆದಿದ್ದಳು: ‘ನೀನು ಬರ್ದಂಗೆ ಮಾಡಿದ್ರೆ ನಮ್ಮ ಮೇಸ್ತ್ರಿ ಕೈ ಒಳಗೆ ಹೋಗುತ್ತೆ. ಹಣ್ಣು ಕಟ್ಕೊಂಡ್ರೆ ಮೊದ್ಲು ಮೆಷಿನ್ ಆಫ್ ಮಾಡು ಅಂತ ಬರಿ.’ ಅವನು ಇಡೀ ವರದಿಯನ್ನು ಮತ್ತೆ ಬರೆದ. ನನ್ನ ಕೆಂಪು ಶಾಯಿ ನೋಡಿ ಯಾರೂ ಯಾವತ್ತೂ ಹಾಗೆ ಮತ್ತೆ ಬರೆದದ್ದಿಲ್ಲ.

ಅಲ್ಲಿಂದ ಅವಳಿಗೆ ರೈಟರ್ ಎಂಬ ಹೆಸರು ಬಿತ್ತು. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು ಕೆಲಸ ನೋಡಿಕೊಳ್ಳುವವನಿಗೆ ಇಲ್ಲಿ ರೈಟರ್ ಎನ್ನುತ್ತಾರೆ. ಅವನ ಕಣ್ಣು ತಪ್ಪಿಸುವುದು ಕಷ್ಟ. ಮೈಸೂರಿನಿಂದ ಹೊಸದಾಗಿ ಬಂದಿದ್ದ ನನಗೆ ಅದೆಲ್ಲಿ ಗೊತ್ತು? ಲೇಖಕಿ ಎನ್ನುತ್ತಿದ್ದಾರೆ ಎಂದುಕೊಂಡು ಮೈಯೆಲ್ಲ ಉರಿದುಹೋಯಿತು. ವರ್ಷಗಟ್ಟಲೆ ಪತ್ರಿಕೆಗಳಿಗೆ ಕಥೆ ಕಳಿಸಿ, ಕಾರಣ ತಿಳಿಯದೆ ವಾಪಸ್ ಪಡೆದವಳು ನಾನು. ಬಿರುದು ಮಾತ್ರ ಇವಳಿಗೆ. ಅರ್ಥ ತಿಳಿದ ಮೇಲಾದರೂ ಉರಿ ಆರಬೇಕಿತ್ತಲ್ಲ, ಆರಲಿಲ್ಲ. “ಮೊದ್ಲು ರೈಟರ್‌ಗೆ ತೋರ್ಸು ಮಾರಾಯ, ಆಮೇಲೆ ಮೇಡಂಗೆ ಕೊಟ್ರಾಯ್ತು” ಎಂದು ಹುಡುಗರು ನನ್ನೆದುರೇ ಹೇಳುತ್ತಿದ್ದರು.

ಸೆಮಿಸ್ಟರ್ ಕೊನೆಗೆ, ನಿಮ್ಮ ಬರಹ ಯಾರ ಮಾತಿನಿಂದ ಹೇಗೆ ಬದಲಾಯಿತು ಬರೆಯಿರಿ ಎಂದೆ. ಒಬ್ಬರಾದರೂ ನನ್ನನ್ನು ನೆನೆಯಲಿ ಎಂಬ ಆಸೆ. ಎಲ್ಲರೂ ಅವಳನ್ನೇ ನೆನೆದಿದ್ದರು. ಅವಳು ಮಾತ್ರ ಖಾಲಿ ಹಾಳೆ ಕೊಟ್ಟಿದ್ದಳು.

ಸೊಕ್ಕು ಇಳಿಸೋಣವೆಂದು ಸ್ಟಾಫ್ ರೂಮಿಗೆ ಕರೆಸಿದೆ. “ನಿನಗೊಬ್ಬಳಿಗೆ ಕಲಿಯೋದು ಏನೂ ಇರ್ಲಿಲ್ವೇನಮ್ಮ?”

“ಹಂಗಲ್ಲ ಮೇಡಂ. ನಂದಕ್ಕೆ ಎಲ್ರೂ ಚೆನ್ನಾಗಿದೆ ಅಂತ ಬರ್ದು ಕೊಟ್ಬಿಟ್ರು. ನೀವೂ ರೈಟ್ ಹಾಕಿ ಕೊಟ್ರಿ. ಯಾರೂ ಓದ್ಲೇ ಇಲ್ಲ, ಏನಂತ ಬರೀಲಿ?” ಆಮೇಲೆ ತನ್ನ ವರದಿಯನ್ನು ನನ್ನ ಮುಂದಿಟ್ಟಳು. “ನೀವು ಓದಿ. ತಪ್ಪಿದ್ರೆ ಬೈಯಿರಿ.”

ಅವಳನ್ನು ನಿಲ್ಲಿಸಿಕೊಂಡೇ, ತಪ್ಪು ಸಿಗಲೇಬೇಕು ಎಂಬ ಹಟದಲ್ಲಿ ಓದಿದೆ. ಕೊನೆಯ ಪುಟದಲ್ಲಿ ಒಂದು ಸಿಕ್ಕಿತು. ತೋರಿಸಿದೆ. ಅವಳ ಮುಖ ಅರಳಿತು. ಆಗ ಮತ್ತೆ ಹೊಟ್ಟೆಕಿಚ್ಚಾಯಿತು ನೋಡಿ. ನನ್ನ ಕಥೆಯಲ್ಲಿ ತಪ್ಪೆಲ್ಲಿದೆ ಎಂದು ಹಾಗೆ ಬೆರಳಿಟ್ಟು ತೋರಿಸುವವರು ನನಗೆ ಯಾರೂ ಇರಲಿಲ್ಲ.